ಕವಲಿನಲ್ಲಿ ಯಾರೂ ಇರಲಿಲ್ಲ

"ಬಾಯಿ ತೆಗೀರಿ," ಎಂದ ಹಲ್ಲಿನ ಡಾಕ್ಟರ್.

"ನಾನು ಹಲ್ಲು ತೋರಿಸ್ಕೊಳ್ಳೋಕೆ ಬಂದಿಲ್ಲ."

"ಗೊತ್ತು. ಸುಮ್ಮನೆ ಮಾತಾಡ್ತಾ ಕೂತ್ರೆ ಆಚೆ ಕೂತಿರೋ ರಿಸೆಪ್ಷನ್ ಹುಡುಗಿ ಕಿವಿಯನ್ನ ಬಾಗಿಲಿಗೇ ಅಂಟಿಸ್ತಾಳೆ. ಆ ಕುರ್ಚಿ ಮೇಲೆ ಒರಗಿ, ಬಾಯಿ ತೆಗೀರಿ. ಮಾತಾಡೋದು ನಾನು. ಒಂದು ಸಲವಾದ್ರೂ ಯಾರಾದ್ರೂ ಅಡ್ಡ ಬಾಯಿ ಹಾಕದೆ ನನ್ನ ಮಾತು ಕೇಳ್ಲಿ."

ತೆಗೆದೆ. ಟ್ರಾಫಿಕ್ ಪೊಲೀಸಿನಲ್ಲಿ ವರ್ಷಗಟ್ಟಲೆ ಅಪಘಾತಗಳನ್ನು ಅಳೆದು, ಮೇಲಿನವರ ಜೊತೆ ಜಗಳವಾಡಿ ಕೆಲಸ ಬಿಟ್ಟು, ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡವಳು ನಾನು. ಬಾಯಿ ಮುಚ್ಚಿಸಲು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಬಾಯಿ ತೆಗೆಸಿ ಸುಮ್ಮನಾಗಿಸಿದವನು ಇವನೊಬ್ಬನೇ.

ಊರಿನ ಬೈಕ್ ಕ್ಲಬ್ಬಿನ ಒಂಬತ್ತು ಬೈಕುಗಳ ದೂರ ಸವಾರಿಯೊಂದರಲ್ಲಿ ಕೊನೆಯವನಾಗಿ ಬರುತ್ತಿದ್ದ ಯುವಕ ಕುಸಿದ ರಸ್ತೆಯಿಂದ ಕಣಿವೆಗೆ ಬಿದ್ದು ಸತ್ತಿದ್ದ. ಪೊಲೀಸರು ಅಪಘಾತವೆಂದು ಮುಚ್ಚಿದ್ದನ್ನು ಅವನ ಅಕ್ಕ ನನ್ನ ಕೈಗೆ ಕೊಟ್ಟಿದ್ದಳು. ಊರಿನ ಬೆರಳೆಲ್ಲ ತಿರುಗಿದ್ದು ಅದೇ ಸವಾರಿಯಲ್ಲಿದ್ದ ಈ ಡಾಕ್ಟರ್ ಕಡೆಗೆ. ಹೊರಗಿನ ಐದು ಕುರ್ಚಿಗಳಲ್ಲಿ ಒಬ್ಬ ರೋಗಿಯೂ ಇರಲಿಲ್ಲ.

"ನಮ್ಮದು ಎರಡೇ ನಿಯಮ," ಎಂದು ನನ್ನ ಬಾಯಿಗೆ ಪುಟ್ಟ ಕನ್ನಡಿ ಇಳಿಸಿದ. "ಕವಲು ಬಂದ ಕಡೆ ಮುಂದಾಳು ತನ್ನ ಹಿಂದಿನವನನ್ನ ನಿಲ್ಲಿಸಿ ಹೋಗ್ತಾನೆ. ನಿಂತವನು ಬಂದೋರಿಗೆಲ್ಲ ದಾರಿ ತೋರಿಸ್ಬೇಕು, ಕೊನೇ ಸವಾರ ದಾಟೋವರೆಗೂ ಕದಲೋ ಹಾಗಿಲ್ಲ. ಕೊನೇ ಸವಾರನಿಗೆ ನಾವು ಬಾಲ ಅಂತೀವಿ. ಗುರುತಿಗೆ ಅವನು ಜಾಕೆಟ್ ಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಹಾಕಿರ್ತಾನೆ. ಅದು ಒಂದು. ಇನ್ನೊಂದು, ಕವಲಲ್ಲಿ ಯಾರೂ ನಿಂತಿಲ್ಲ ಅಂದ್ರೆ ಯೋಚನೆ ಮಾಡ್ಬೇಡ, ನೇರ ಹೋಗು."

"ಆ... ಊ..." ಎಂದೆ.

"ಎಷ್ಟು ಬೈಕು ದಾಟಿದ್ವು ಅಂತ ಯಾಕೆ ಎಣಿಸಲಿಲ್ಲ, ಅದೇ ತಾನೇ? ಎಲ್ಲರೂ ಅದನ್ನೇ ಕೇಳ್ತಾರೆ. ಯಾರೂ ಎಣಿಸಲ್ಲ ಮೇಡಂ. ಕಣ್ಣಲ್ಲಿ, ಮೂಗಲ್ಲಿ ಧೂಳು. ಒಂದು ಬೈಕು ಬಂದು ಇನ್ನೊಂದು ಬರೋಷ್ಟರಲ್ಲಿ ನಿದ್ದೆ ಬರುತ್ತೆ. ಎಣಿಸೋ ತಾಪತ್ರಯ ಬೇಡ ಅಂತಾನೇ ಆ ಅಂಗಿ ಇರೋದು."

ಕನ್ನಡಿ ತೆಗೆದು, ಒರೆಸಿ, ಮತ್ತೆ ಇಳಿಸಿದ. ಈ ಸಲ ಅದರ ಅಂಚು ಒಸಡಿಗೆ ಒತ್ತಿತು. ನನಗೆ ಅವನಿಗಿಂತ ನನ್ನ ಒಸಡಿನ ಚಿಂತೆ ಹೆಚ್ಚಾಯಿತು.

"ಅವತ್ತು ಬಾಲ ಆಗಿದ್ದವನು ತಮ್ಮ. ಅವನ ಅಕ್ಕ ಹಾಗೆ ಕರೀತಿದ್ರು, ನಮಗೂ ಅದೇ ಹೆಸರಾಯ್ತು. ಕವಲಲ್ಲಿ ನಾನು ನಿಂತಿದ್ದೆ. ಬಲಕ್ಕೆ ಹೊಸ ದಾರಿ, ನೇರಕ್ಕೆ ಹಳೇದು. ಒಬ್ಬೊಬ್ಬರಾಗಿ ಹೋದ್ರು. ಕೊನೆಗೆ ಕಿತ್ತಳೆ ಅಂಗಿ ಬಂತು, ನಾನು ಬಲಕ್ಕೆ ಕೈ ತೋರಿಸಿದೆ, ಹೋಯ್ತು. ನಾನೂ ಹೊರಟೆ. ಸಾಯಂಕಾಲ ನೋಡಿದ್ರೆ ತಮ್ಮ ಹಳೇ ದಾರಿ ಕೆಳಗೆ ಬಿದ್ದಿದ್ದಾನೆ, ಅಂಗಿ ಅವನ ಮೈಮೇಲೇ ಇದೆ! ಹಾಗಾದ್ರೆ ನಿನ್ನೆದುರು ಹೋಗಿದ್ದು ದೆವ್ವಾನಾ ಅಂತ ಕೇಳಿದ್ರು. ಬಿಸಿಲು ತಾಳದೆ ಬಿಟ್ಟು ಹೊರಟೆ, ಈಗ ಕಥೆ ಕಟ್ತಿದ್ದೀನಿ ಅಂದ್ರು."

ನಾನು ಅವನ ಮಣಿಕಟ್ಟು ಹಿಡಿದು ಕನ್ನಡಿಯನ್ನು ಹೊರಗೆಳೆದೆ. "ಮುಖ ನೋಡಿದ್ರಾ?"

"ಹೆಲ್ಮೆಟ್, ಅದರ ಕಪ್ಪು ಗಾಜು, ಅದರ ಮೇಲೆ ಬೆರಳಷ್ಟು ಧೂಳು. ಬೈಕು, ಜಾಕೆಟ್, ಪಕ್ಕದ ಲಗೇಜು ಬಾಕ್ಸು ಎಲ್ಲ ಒಂದೇ ಥರ, ಒಟ್ಟಿಗೇ ತರಿಸಿದ್ದು. ಆದ್ರೆ ಒಂದು ವಿಷಯ. ಕವಲಿಗೆ ಮುಂಚೆ ಕಲ್ಲಿನ ಮೋರಿ ಇದೆ. ಎಲ್ಲರ ಬೈಕೂ ಅದರ ಮೇಲೆ ದಬ್ ಅಂತ ಕೂತು ದಾಟಿದ್ವು, ಹಿಂದೆ ಅಷ್ಟು ಲಗೇಜು. ಕಿತ್ತಳೆ ಅಂಗಿಯವನ ಬೈಕು ಮಾತ್ರ ಮೇಕೆಮರಿ ಹಾಗೆ ಜಿಗೀತು."

"ಖಾಲಿ ಬಾಕ್ಸು?"

"ಅಂತ ನಾನು ಹೇಳ್ದೆ. ಯಾರು ಕೇಳ್ತಾರೆ?"

ಅವನು ಕೈಗವಸು ಕಿತ್ತು ಬುಟ್ಟಿಗೆ ಎಸೆದ. "ಬಿದ್ದವನ ಹೆಲ್ಮೆಟ್ ಮುಟ್ಟಬಾರದು, ಕತ್ತಿಗೆ ಅಪಾಯ ಅನ್ನೋದು ನಮಗೆಲ್ಲ ಮೊದಲ ಪಾಠ. ಕೆಳಗೆ ಯಾರೂ ಮುಟ್ಟಲಿಲ್ಲ. ಹಗ್ಗ ಕಟ್ಟಿ ಮೇಲೆ ತಂದ ಮೇಲೆ, ನೀನೊಬ್ಬ ಡಾಕ್ಟ್ರಲ್ವಾ ಅಂತ ನನ್ನ ಕೈಲೇ ಕತ್ತರಿಸಿ ತೆಗೆಸಿದ್ರು, ನೋಡಲಾರದೆ ಉಳಿದವರೆಲ್ಲ ದೂರ ಹೋದ್ರು. ದವಡೆ ಎರಡೂ ಕಡೆ ಮುರಿದು ಜೋತುಬಿದ್ದಿತ್ತು. ಹೋದ ವರ್ಷ ಅದೇ ಬಾಯಲ್ಲಿ ಹುಳುಕು ತುಂಬಿದ್ದು ನಾನೇ. ಅಕ್ಕ ನೋಡ್ಬಾರ್ದು ಅಂತ ಕಣ್ಣಿಂದ ಕೆಳಗೆ ಬಟ್ಟೆ ಸುತ್ತಿದೆ, ಯಾರಿಗೂ ಹೇಳಲೂ ಇಲ್ಲ. ಈಗ ಅಕ್ಕ ನನ್ನ ಫೋನ್ ಎತ್ತಲ್ಲ."

ಅವನು ಬೆನ್ನು ತಿರುಗಿಸಿ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದ. ಸುಳ್ಳು ಹೇಳುವವರು ನನ್ನ ಮುಖ ನೋಡುತ್ತಾರೆ, ಮಾತು ನಾಟಿತೋ ಇಲ್ಲವೋ ಎಂದು. ಇವನು ನೋಡಲಿಲ್ಲ.

"ಎಡಗಡೆ ಹಿಂದಿನ ಹಲ್ಲು ಹುಳುಕಾಗಿದೆ," ಎಂದ, ನಾನು ಹೊರಡುವಾಗ. "ಹೀಗೇ ಬಿಟ್ರೆ ಕೀಳ್ಬೇಕಾಗುತ್ತೆ."

* * *

ಅಕ್ಕ ಅಂಚೆ ಕಚೇರಿಯ ಕೌಂಟರಿಗೆ ಅರ್ಧ ದಿನ ರಜೆ ಹಾಕಿ, ಮನೆಯ ಹಿಂದಿನ ಶೆಡ್ಡಿನ ಬೀಗ ತೆಗೆದು ಕಾಯುತ್ತಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಅವನ ಬೈಕನ್ನು ದಿನಾ ಒರೆಸುತ್ತಾಳೆ. ಮುಂದಿನ ಚಕ್ರ ಸೊಟ್ಟಗಾಗಿ ಎಂಜಿನ್ನಿಗೆ ಅಂಟಿಕೊಂಡ ಬೈಕನ್ನು ಒರೆಸಿ ಏನು ಸುಖ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ಹಿಂದಿನ ದಿನ ಫೋನ್ ಮಾಡಿದ್ದ," ಎಂದಳು. ಈ ಮಾತನ್ನು ಸಿಕ್ಕಾಗಲೆಲ್ಲ ಹೇಳುತ್ತಾಳೆ. ಇದೊಂದು ಮಾತಿಗಾಗಿಯೇ ಅವಳು ನನ್ನ ಬಳಿ ಬಂದದ್ದು. "ಅಕ್ಕ, ಬಂದ ಮೇಲೆ ಒಂದು ವಿಷಯ ಹೇಳ್ಬೇಕು, ಫೋನಲ್ಲಿ ಆಗಲ್ಲ, ಭಾವನಿಗೆ ಹೇಳ್ಬೇಡ ಅಂದ. ಆ ವಿಷಯ ಅವನ ಜೊತೇಲೇ ಹೋಯ್ತು."

ಭಾವ ಎಂದರೆ ಅವಳ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಆ ಒಂಬತ್ತು ಜನರಲ್ಲಿ ಅವನೂ ಒಬ್ಬ, ಇಡೀ ಗುಂಪಿಗೂ ಅವನು ಭಾವನೇ. ಅಂದು ಸಂಜೆ ಎಲ್ಲರಿಗಿಂತ ಮೊದಲು ಕಣಿವೆಗೆ ಇಳಿದವನು ಅವನು. ಕಲ್ಲು ಜಾರುತ್ತೆ, ಯಾರೂ ಬರಬೇಡಿ ಎಂದು ಕೂಗಿ, ಹಗ್ಗ ತರುವವರೆಗೆ ಒಬ್ಬನೇ ಆ ಹುಡುಗನ ಪಕ್ಕದಲ್ಲಿ ಕೂತಿದ್ದನಂತೆ. ಮೇಲೆ ತಂದ ತಕ್ಷಣ ಫೋನ್ ಸಿಗುವ ಗುಡ್ಡ ಹತ್ತಿ ಹೆಂಡತಿಗೆ ಸುದ್ದಿ ಹೇಳಿದವನೂ ಅವನೇ. ಎಲ್ಲರೂ ಕೊಂಡಾಡಿದ್ದರು.

"ಅವನ ಪಕ್ಕದಲ್ಲಿ ಮನೆಯವರು ಅಂತ ಅವರಾದ್ರೂ ಇದ್ರಲ್ಲ," ಎಂದಳು ಅಕ್ಕ.

ಬೈಕಿನ ಎರಡು ಬಾಕ್ಸುಗಳೂ ಜಜ್ಜಿಹೋಗಿದ್ದವು. ಪೊಲೀಸರು ಮುಚ್ಚಳ ಬಿಡಿಸಿ ನೋಡುವ ಕಷ್ಟವನ್ನೇ ತೆಗೆದುಕೊಂಡಿರಲಿಲ್ಲ. ನಾನು ಕಬ್ಬಿಣದ ಸಲಾಕೆ ಹಾಕಿ ಎಬ್ಬಿಸಿದೆ. ಒಂದರಲ್ಲಿ ನೀರಿನ ಕ್ಯಾನು, ತಿಂಡಿಯ ಡಬ್ಬಗಳು. ಇನ್ನೊಂದರಲ್ಲಿ ಪಾತ್ರೆಗಳು, ಗ್ಯಾಸ್ ಸಿಲಿಂಡರು, ಬಟ್ಟೆಯಲ್ಲಿ ಸುತ್ತಿದ ಸ್ಟವ್. ಅವನ ಸ್ವಂತ ಬಟ್ಟೆಬರೆ ಸೀಟಿನ ಮೇಲಿನ ಚೀಲದಲ್ಲಿ ಬೇರೆ ಇತ್ತು. ಇಬ್ಬರ ಹೊರೆ ಒಂದೇ ಬೈಕಿನ ಮೇಲೆ. ಇಳಿಜಾರಿನ ಜಲ್ಲಿಯಲ್ಲಿ ಇಂಥ ಬೈಕಿಗೆ ಬ್ರೇಕ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

"ಇದು ನಮ್ಮನೇ ಸ್ಟವ್ವು!" ಎಂದಳು ಅಕ್ಕ. "ಅಡುಗೆ ಸಾಮಾನೆಲ್ಲ ಇವರ ಪಾಲಿಗೆ ಬಂದಿತ್ತು. ನಾನೇ ಇವರ ಬಾಕ್ಸಿಗೆ ತುಂಬಿ ಕಳಿಸಿದ್ದೆ."

"ಇಲ್ಲಿಗೆ ಹೇಗೆ ಬಂತು?"

"ಇವರಿಗೆ ಬೆನ್ನು ನೋವು. ತಮ್ಮ ತಗೊಂಡಿರ್ತಾನೆ. ಯಾರು ಏನು ಅಂದ್ರೂ ಹೊತ್ಕೊಳ್ಳೋನು ಅವನು."

ಹಾಗಾದರೆ ಖಾಲಿ ಬಾಕ್ಸುಗಳು ಯಾರ ಬೈಕಿನವು ಎಂದು ಅವಳು ಕೇಳಲಿಲ್ಲ. ಡಾಕ್ಟರ್ ಹೇಳಿದ ಮೋರಿಯ ಕಥೆ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮತ್ತು ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಅವನ ಜಾಕೆಟ್ ತೋರಿಸಿ. ಆ ಕಿತ್ತಳೆ ಅಂಗೀನೂ."

ಟ್ರಂಕಿನಿಂದ ಎರಡನ್ನೂ ತೆಗೆದು ಶೆಡ್ಡಿನ ಮೇಜಿನ ಮೇಲೆ ಹಾಸಿದಳು. ಆಸ್ಪತ್ರೆಯಿಂದ ಬಂದ ಹಾಗೇ ಇದ್ದವು, ಒಗೆದಿರಲಿಲ್ಲ. ಜಾಕೆಟ್ಟಿನ ಬೆನ್ನು ಹೆಗಲಿನಿಂದ ಸೊಂಟದವರೆಗೆ ಸೀಳಿತ್ತು. ಅಷ್ಟು ದಪ್ಪದ ಬಟ್ಟೆ, ಒಳಗಿನ ಸ್ಪಂಜೂ ಹೊರಗೆ ಬಂದಿತ್ತು. ಸೀಳಿನ ತುಂಬ ಕೆಂಪು ಮಣ್ಣು, ಕಲ್ಲಿನ ಚೂರು.

ಅಂಗಿಯನ್ನು ಅದರ ಮೇಲಿಟ್ಟೆ. ಕಾಗದದಂಥ ತೆಳ್ಳನೆಯ ಬಟ್ಟೆ. ಬೆನ್ನಿನ ಮೇಲೆ ಒಂದು ಗೀರಿಲ್ಲ, ಒಂದು ಎಳೆ ಕಿತ್ತಿಲ್ಲ. ಮೇಲ್ಗಡೆ ಬರೀ ದಾರಿಯ ಧೂಳು. ಮಗುಚಿದೆ. ಒಳಮೈಯಲ್ಲಿ ಮಾತ್ರ ರಕ್ತ ಉದ್ದಕ್ಕೆ ಒಣಗಿತ್ತು, ಸರಿಯಾಗಿ ಆ ಸೀಳು ಇದ್ದ ಜಾಗದಲ್ಲಿ.

ಇಷ್ಟು ದಿನ ಈ ಅಂಗಿ ಪೊಲೀಸರ ಮುಂದಿತ್ತು, ಕ್ಲಬ್ಬಿನವರ ಮುಂದಿತ್ತು. ಎಲ್ಲರೂ ಬಣ್ಣ ನೋಡಿದರು, ಬಟ್ಟೆ ನೋಡಲಿಲ್ಲ. ನನ್ನ ಹಳೆಯ ಇಲಾಖೆಯ ಮೇಲೆ ನನಗಿರುವ ಸಿಟ್ಟಿಗೆ ಹೊಸ ಕಾರಣ ಬೇಕಿರಲಿಲ್ಲ, ಆದರೂ ಸಿಕ್ಕಿತು.

ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತಾನೇ ಜಾಕೆಟ್ಟಿನ ಸೀಳಿನ ಮೇಲೆ ಬೆರಳಾಡಿಸಿದಳು. ಅಂಗಿಯ ಮೇಲೆ ಆಡಿಸಿದಳು. ಮತ್ತೆ ಜಾಕೆಟ್ ಮೇಲೆ.

"ಮೇಡಂ," ಎಂದಳು, "ಇದನ್ನ ಅವನು ಬಿದ್ದ ಮೇಲೆ ಹಾಕಿದ್ದಾರೆ."

"ಹೌದು."

"ಕೆಳಗೆ ಇದ್ದದ್ದು ಇವರೊಬ್ಬರೇ."

ಗೇಟಿನ ಬಳಿ ಡ್ರೈವಿಂಗ್ ಸ್ಕೂಲಿನ ಕಾರು ನಿಂತ ಸದ್ದಾಯಿತು.

* * *

"ಏನಿದು, ಮತ್ತೆ ಹರಡ್ಕೊಂಡು ಕೂತಿದ್ದೀಯಾ?" ಎನ್ನುತ್ತ ಭಾವ ಶೆಡ್ಡಿನ ಬಾಗಿಲಿಗೆ ಬಂದ. ಅಗಲ ಎದೆ, ಮೃದು ದನಿ. ಕಲಿಯುವವರಿಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಎಂದು ಬೇಸರವಿಲ್ಲದೆ ಹೇಳಿ ಹೇಳಿ ಬಂದ ದನಿ. "ಬನ್ನಿ ಮೇಡಂ, ಒಳಗೆ ಕೂತ್ಕೊಳ್ಳಿ. ಇಲ್ಲಿ ಸೆಕೆ."

"ಇಲ್ಲೇ ಸರಿ. ನಿಮ್ಮ ಬೆನ್ನು ನೋವು ಹೇಗಿದೆ?"

"ಬೆನ್ನು?"

"ಸ್ಟವ್ ಹೊರೋಕಾಗದಷ್ಟು ನೋವಿತ್ತಂತಲ್ಲ."

ಅವನು ಮೇಜನ್ನು ನೋಡಿದ. ಹೆಂಡತಿಯನ್ನು ನೋಡಿದ. ಅಕ್ಕ ಜಾಕೆಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು.

"ಕಿತ್ತಳೆ ಅಂಗಿಯವನ ಬೈಕು ಮೋರಿ ಮೇಲೆ ಜಿಗೀತಂತೆ," ಎಂದೆ. "ಒಂಬತ್ತು ಬೈಕಲ್ಲಿ ಭಾರ ಇಳಿಸಿದ್ದು ನೀವೊಬ್ಬರೇ."

"ಆ ಹಲ್ಲಿನ ಡಾಕ್ಟ್ರು ತನ್ನ ತಲೆ ಉಳಿಸ್ಕೊಳ್ಳೋಕೆ..."

"ಡಾಕ್ಟ್ರನ್ನ ಬಿಡಿ. ಈ ಅಂಗಿ ನೋಡಿ. ಅಷ್ಟೆತ್ತರದಿಂದ ಬೀಳುವಾಗ ಇದು ಅವನ ಮೈಮೇಲಿರಲಿಲ್ಲ. ಬಿದ್ದ ಮೇಲೆ ಹಾಕಿದ್ದಾರೆ. ಹಾಕಿದ್ದು ಯಾರು?"

ಭಾವ ಅಂಗಿಯನ್ನು ಮುಟ್ಟದೆ ಹಿಂದೆ ಸರಿದ. ಮೂಲೆಯಲ್ಲಿದ್ದ ಹಳೆಯ ಟೈರಿನ ಮೇಲೆ ನಿಧಾನಕ್ಕೆ ಕೂತ. ನಾನು ಜಗಳ ನಿರೀಕ್ಷಿಸಿದ್ದೆ, ಅವನು ಅಷ್ಟು ಬೇಗ ಕೂತದ್ದು ನನಗೇ ಆಶ್ಚರ್ಯ.

"ನಾನೇ," ಎಂದ.

ಅಕ್ಕನ ಕೈಯಲ್ಲಿದ್ದ ಜಾಕೆಟ್ ಕೆಳಗೆ ಬಿತ್ತು.

"ಕೇಳು, ಪೂರ್ತಿ ಕೇಳು," ಎಂದ ಅವಳಿಗೆ. "ಅವನ ಬೈಕಲ್ಲಿ ಲಗೇಜು ಸಡಿಲ ಆಗಿತ್ತು. ಬಿಗಿಯೋಕೆ ನಿಂತ. ನೀನು ನಿಧಾನಕ್ಕೆ ಕಟ್ಕೊಂಡು ಬಾ, ಅಂಗಿ ಕೊಡು, ನಾನು ಬಾಲ ಆಗ್ತೀನಿ ಅಂದೆ. ಕೊಟ್ಟ. ಎಷ್ಟು ಹೊತ್ತಾದ್ರೂ ಅವನದ್ದು ಮುಗೀಲಿಲ್ಲ. ತಿರುವಿನಾಚೆ ನೆರಳಲ್ಲಿ ಕಾಯೋಣ ಅಂತ ಹೊರಟೆ. ನೆರಳು ಸಿಗಲಿಲ್ಲ, ಹೋಗ್ತಾ ಹೋಗ್ತಾ ಕವಲೇ ಬಂತು. ಅಂಗಿ ಮೈಮೇಲಿರೋದೇ ಮರೆತುಹೋಗಿತ್ತು."

"ಮರೆತುಹೋಗಿತ್ತು," ಎಂದಳು ಅಕ್ಕ.

"ಹೋದ ವರ್ಷ ಮುಂದಾಳಿನ ಜೊತೆ ಇದೇ ದಾರೀಲಿ ಹೋಗಿ ಬಂದವರು ನೀವು ಅಂತ ಕ್ಲಬ್ಬಿನವರೇ ಹೇಳಿದ್ರು," ಎಂದೆ. "ಕವಲಿನಾಚೆ ಹಳೇ ರಸ್ತೆ ಕುಸಿದಿದೆ ಅಂತ ಗೊತ್ತಿತ್ತು. ಕವಲಲ್ಲಿ ಆಳಿಲ್ಲದಿದ್ರೆ ಅವನು ನೇರ ಹೋಗ್ತಾನೆ ಅಂತಾನೂ ಗೊತ್ತಿತ್ತು."

"ಮುಂದಾಳಿಗೂ ಗೊತ್ತಿತ್ತು. ಅವನನ್ನ ಕೇಳಿದ್ರಾ?"

"ಮುಂದಾಳು ಅಂಗಿ ತಗೊಂಡು ಹೋಗಲಿಲ್ಲ. ಮರೆತವರು ಹೆಣದ ಮೇಲೆ ಅಂಗಿ ತೊಡಿಸಿ, ಇನ್ನೊಬ್ಬನ ತಲೆಗೆ ಕಟ್ಟಿ, ಇಷ್ಟು ದಿನ ಊಟ ಮಾಡ್ಕೊಂಡು ಇರಲ್ಲ."

"ಹೆಣ ಆಗಿರಲಿಲ್ಲ!" ಎಂದು ಕೂಗಿದ ಭಾವ.

ಅವನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅತ್ತು ತೋರಿಸುವವರನ್ನು ಕಂಡರೆ ನನಗಾಗದು, ಆದರೆ ಆ ಅಳುವಿನಲ್ಲಿ ಒಂದಿಷ್ಟಾದರೂ ನಿಜವಿತ್ತು.

"ಬದುಕಿದ್ದ," ಎಂದ, ದನಿ ಇಳಿಸಿ. "ನಾನು ಇಳಿದಾಗ ಉಸಿರಿತ್ತು. ಕೈ ಹಿಡ್ಕೊಂಡೆ. ಅವನು ಕಾಣದಿದ್ದಾಗಲೇ ಹೆದರಿ ಜಾಕೆಟ್ ಒಳಗೆ ಬಚ್ಚಿಟ್ಟಿದ್ದ ಅಂಗಿ ಹೊರಗೆ ತೆಗೆದೆ, ನೋಡಿ ಅವನಿಗೆ ಎಲ್ಲ ಅರ್ಥ ಆಯ್ತು. ಭಾವ, ಅಂಗಿ ನನಗೆ ಹಾಕ್ಬಿಡಿ ಅಂದ. ನಿಮ್ಮಿಂದ ಹೀಗಾಯ್ತು ಅಂತ ಅಕ್ಕನಿಗೆ ಗೊತ್ತಾಗೋದು ಬೇಡ. ನಿಮ್ಮನ್ನ ಬಿಟ್ರೆ ಅವಳಿಗೆ ಇನ್ಯಾರಿದ್ದಾರೆ ಅಂದ. ಅಷ್ಟೇ, ಆಮೇಲೆ ಮಾತಿಲ್ಲ. ಅವನ ಕೊನೇ ಆಸೆ ಅಂತ ಹಾಕಿದೆ. ಅದಕ್ಕೇ ಬಾಯಿ ಬಿಡಲಿಲ್ಲ. ಡಾಕ್ಟ್ರಿಗೆ ಅನ್ಯಾಯ ಆಗ್ತಿದೆ ಅಂತ ಗೊತ್ತು. ಸತ್ತವನಿಗೆ ಕೊಟ್ಟ ಮಾತು ದೊಡ್ಡದಾ, ಡಾಕ್ಟ್ರು ದೊಡ್ಡವರಾ ಅಂತ ದಿನಾ ಒದ್ದಾಡಿದ್ದೀನಿ."

ಅಕ್ಕ ನೆಲಕ್ಕೆ ಕುಸಿದಳು. ಬಿದ್ದ ಜಾಕೆಟ್ಟಿನ ಮೇಲೆ ಮುಖವಿಟ್ಟು ಅತ್ತಳು. ತಮ್ಮ ಸತ್ತ ಸುದ್ದಿ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ಈಗ ಅದೆಲ್ಲ ಒಟ್ಟಿಗೇ ಬಂತು.

"ಅವನು ಹಾಗೇ," ಎಂದಳು ಬಿಕ್ಕುತ್ತ. "ಚಿಕ್ಕೋನಿಂದ ಹಾಗೇ. ತನಗೆ ಏಟು ಬಿದ್ರೂ ಅಕ್ಕನಿಗೆ ಹೇಳ್ಬೇಡಿ ಅಂತಿದ್ದ."

ಅವಳು ಎದ್ದು ಹೋಗಿ ಗಂಡನ ಹೆಗಲಿನ ಮೇಲೆ ಕೈಯಿಟ್ಟಳು. ಭಾವ ಆ ಕೈಯನ್ನು ತನ್ನ ಕೆನ್ನೆಗೊತ್ತಿಕೊಂಡ.

"ಸಾಕು ಮೇಡಂ," ಎಂದಳು ನನಗೆ. "ಇಲ್ಲಿಗೆ ಬಿಟ್ಬಿಡಿ. ತಪ್ಪು ಮಾಡಿದ್ರು, ದೊಡ್ಡ ತಪ್ಪೇ. ಆದ್ರೆ ಅವನೇ ಕ್ಷಮಿಸಿ ಹೋದ ಮೇಲೆ ನಾನ್ಯಾರು? ಡಾಕ್ಟ್ರ ಹತ್ರ ನಾವಿಬ್ಬರೂ ಹೋಗಿ ಕಾಲು ಹಿಡೀತೀವಿ."

ಅವಳ ಮುಖ ನೋಡಿದೆ. ಮೊದಲ ಸಲ ಅಲ್ಲಿ ನೆಮ್ಮದಿ ಕಂಡಿತು. ಹುಡುಕಿಕೊಡು ಎಂದು ಬಂದವಳಿಗೆ ಬೇಕಾದದ್ದು ಸಿಕ್ಕಾಗ ಪತ್ತೇದಾರಳಿಗೆ ಅಲ್ಲೇನು ಕೆಲಸ? ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ಹೋದೆ.

ನಾಲಿಗೆ ತಾನಾಗಿಯೇ ಎಡಗಡೆಯ ಹುಳುಕು ಹಲ್ಲನ್ನು ತಡವಿತು. ಅಲ್ಲೇ ನಿಂತೆ.

ಬೆಳಿಗ್ಗೆ ಆ ಕುರ್ಚಿಯಲ್ಲಿ ನನ್ನ ಬಾಯಿಗೆ ಬರೀ ಒಂದು ಪುಟ್ಟ ಕನ್ನಡಿ ಇಟ್ಟಿದ್ದಕ್ಕೇ ಆ, ಊ ಬಿಟ್ಟರೆ ಒಂದು ಮಾತು ಹೊರಡಲಿಲ್ಲ. ದವಡೆ ಎರಡೂ ಕಡೆ ಮುರಿದು ಜೋತುಬಿದ್ದವನು ಇಷ್ಟುದ್ದ ಮಾತಾಡಿದನೇ? ಭಾವ, ಅಂಗಿ, ಅಕ್ಕ, ಇನ್ಯಾರಿದ್ದಾರೆ ಎಂದೆಲ್ಲ?

"ಒಂದೇ ಮಾತು," ಎಂದೆ ತಿರುಗಿ. "ಕೆಳಗೆ ಅವನ ಹೆಲ್ಮೆಟ್ ತೆಗೆದಿದ್ರಾ?"

"ಛೆ," ಎಂದ ಭಾವ, ಕಣ್ಣೊರೆಸಿಕೊಳ್ಳುತ್ತ. "ಬಿದ್ದವರ ಹೆಲ್ಮೆಟ್ ತೆಗೀತಾರಾ? ನಾವು ಹಾಗೆಲ್ಲ ಮಾಡಲ್ಲ. ಬೆರಳೂ ತಾಗಿಸಲಿಲ್ಲ."

"ಮಾತು ಸರಿಯಾಗಿ ಕೇಳಿಸ್ತಾ?"

"ನೀವೀಗ ಆಡ್ತಿದ್ದೀರಲ್ಲ, ಇಷ್ಟೇ ಸ್ಪಷ್ಟ."

ಅವನು ಹೆಲ್ಮೆಟ್ ಮುಟ್ಟಿರಲಿಲ್ಲ, ಆದ್ದರಿಂದ ಅದರೊಳಗೆ ಏನಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಮೇಲೆ ಡಾಕ್ಟರ್ ಅದನ್ನು ಕತ್ತರಿಸುವಾಗ ಅವನು ಗುಡ್ಡದ ಮೇಲೆ ಫೋನ್ ಹಿಡಿದು ನಿಂತಿದ್ದ. ಆಸ್ಪತ್ರೆಯವರು ತಲೆಗೆ ಪೆಟ್ಟು ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದರು.

ತಮ್ಮ ಯಾರನ್ನೂ ಕ್ಷಮಿಸಿರಲಿಲ್ಲ. ಆ ಮಾತನ್ನು ಇವನು ಸತ್ತವನ ಮುರಿದ ಬಾಯಿಗೆ ತುರುಕಿದ್ದ, ಅದನ್ನೇ ಎದೆಗಪ್ಪಿಕೊಂಡು ಅಕ್ಕ ಇವನ ಪಕ್ಕ ನಿಂತಿದ್ದಳು.

"ಯಾಕೆ ಮೇಡಂ ಇನ್ನೂ ಕೆದಕ್ತೀರಿ?" ಎಂದಳು. "ಬಿಡಿ ಅಂತ ಹೇಳಿದ್ನಲ್ಲ."

ಬಿಡಬಹುದಿತ್ತು. ಅವಳಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು, ತಮ್ಮನನ್ನು ಕೊಂದವನ ಮಗ್ಗುಲಲ್ಲೇ. ಆ ಕ್ಷಣ ನನ್ನ ಕೆಲಸವನ್ನು ನಾನು ದ್ವೇಷಿಸಿದೆ. ಫೋನ್ ತೆಗೆದು, ಸ್ಪೀಕರ್ ಒತ್ತಿ, ಮೇಜಿನ ಮೇಲೆ ಆ ಕಿತ್ತಳೆ ಅಂಗಿಯ ಪಕ್ಕದಲ್ಲಿಟ್ಟೆ.

ಎರಡೇ ರಿಂಗಿಗೆ ಎತ್ತಿದ.

"ಡಾಕ್ಟ್ರೇ, ನಾನು. ಹೆಲ್ಮೆಟ್ ಕತ್ತರಿಸಿ ತೆಗೆದಾಗ ನೀವು ನೋಡಿದ್ದನ್ನ ಇನ್ನೊಂದು ಸಲ ಹೇಳಿ. ಇಲ್ಲಿ ಅಕ್ಕ ಕೇಳಿಸ್ಕೊಳ್ತಿದ್ದಾರೆ."

"ಅಕ್ಕನಿಗೆ ಅದೆಲ್ಲ ಬೇಡ ಮೇಡಂ," ಎಂದ ಅವನು. "ಅವರಿಗೆ ಗೊತ್ತಾಗೋದು ಬೇಡ."

ಭಾವ ಎದ್ದ. ಫೋನಿನ ಕಡೆ ಕೈ ಚಾಚಿದ. ಅಳು ಯಾವಾಗಲೋ ನಿಂತುಹೋಗಿತ್ತು.

ಅಕ್ಕ ಆ ಚಾಚಿದ ಕೈಯನ್ನು ನೋಡಿದಳು. ಅಳು ನಿಂತ ಆ ಮುಖವನ್ನು ನೋಡಿದಳು. ಹೆಗಲಿನ ಮೇಲಿದ್ದ ಅವಳ ಕೈ ಜಾರಿ ಅವನ ಮಣಿಕಟ್ಟನ್ನು ಹಿಡಿಯಿತು, ಬಿಡಲಿಲ್ಲ.

"ಹೇಳಿ ಡಾಕ್ಟ್ರೇ," ಎಂದಳು.